ಎರವಲು ಕಿವಿ

ನಮ್ಮೂರಲ್ಲಿ ಓಲೆಯನ್ನು ಯಾರೂ ಎರವಲು ಕೊಡುವುದಿಲ್ಲ. ಸೀರೆ ಕೊಡುತ್ತೇವೆ, ಸರ ಕೊಡುತ್ತೇವೆ, ಮದುವೆಮನೆಗೆ ಹೊರಟವಳಿಗೆ ಕೈಯಲ್ಲಿದ್ದ ಬಳೆ ಬಿಚ್ಚಿ ಕೊಡುತ್ತೇವೆ. ಓಲೆ ಮಾತ್ರ ಕೇಳಬಾರದು. ನನ್ನ ಓಲೆ ನಿಮ್ಮ ಕಿವಿಗೆ ಹೋಯಿತೆಂದರೆ, ಅದು ಅಲ್ಲಿರುವಷ್ಟು ಹೊತ್ತೂ ನಿಮಗೆ ಕೇಳಿಸುವುದು ನನ್ನ ಕಿವಿಯಲ್ಲಿ. ನನಗೆ ಎಷ್ಟು ಕೇಳಿಸುತ್ತದೋ ಅಷ್ಟು, ಹೇಗೆ ಕೇಳಿಸುತ್ತದೋ ಹಾಗೆ. ಗಂಡಸರೂ ಇಲ್ಲಿ ಓಲೆ ಹಾಕುತ್ತಾರೆ, ಅವರದ್ದೂ ಇದೇ ಕಥೆ. ಹಾಗಾಗಿ ಪರೀಕ್ಷೆಯ ದಿನ ಶಾಲೆಯ ಮೇಷ್ಟರು ಮಕ್ಕಳ ಜೇಬಿಗಿಂತ ಮುಂಚೆ ಕಿವಿ ನೋಡುತ್ತಾರೆ, ಯಾರಾದರೂ ಚುರುಕು ಕಿವಿಯವರ ಓಲೆ ಸಿಕ್ಕಿಸಿಕೊಂಡು ಬಂದು ಮೂರು ಬೆಂಚು ಆಚೆಯ ಪಿಸುಮಾತು ಕದಿಯುತ್ತಾರೋ ಏನೋ ಅಂತ. ಬೀದಿಯಲ್ಲಿ ಓಲೆ ಸಿಕ್ಕಿದರೆ ಯಾರೂ ಅದನ್ನು ಹಾಕಿ ನೋಡುವುದಿಲ್ಲ. ಅದು ಇನ್ನೊಬ್ಬರ ಬಚ್ಚಲಿಗೆ ಇಣುಕಿದಷ್ಟೇ ಹೇಸಿಗೆಯ ಕೆಲಸ.

ಹಾಕಿ ನೋಡುವ ಹಕ್ಕು ಇದ್ದದ್ದು ನನಗೊಬ್ಬಳಿಗೆ. ದೇವೀರಮ್ಮ ಅಂದರೆ ಊರಿಗೆಲ್ಲ ಗೊತ್ತು, ಚಿಕ್ಕವರೆಲ್ಲ ಅತ್ತೆ ಅಂತಲೇ ಕರೆಯುವುದು. ನಮ್ಮತ್ತೆಯಿಂದ ನನಗೆ ಬಂದ ಕೆಲಸ ಇದು, ಸೂಲಗಿತ್ತಿಯರಿಗೆ ಬರುವ ಹಾಗೆ. ಯಾರಿಗಾದರೂ ಕಿವಿಯ ತೊಂದರೆ ಅಂದರೆ ಅವರ ಓಲೆಯನ್ನು ನಾನು ಹಾಕಿಕೊಂಡು ಒಂದು ಗಳಿಗೆ ಕೂತು, ಎಡಗಿವಿ ಮಂದವಾಗಿದೆ, ಬಲಗಿವಿಯಲ್ಲಿ ಜೀರುಂಡೆ ಕೂಗುತ್ತಿದೆ, ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಕೇಳಿಸಿದ್ದನ್ನು ಓಲೆಯ ಯಜಮಾನರ ಅಪ್ಪಣೆ ಇಲ್ಲದೆ ಮೂರನೆಯವರಿಗೆ ಬಾಯಿ ಬಿಡುವ ಹಾಗಿಲ್ಲ. ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪು ಹೇಳಿದವಳಲ್ಲ ಅಂತ ಜಂಬ ಬೇರೆ ಇತ್ತು ನನಗೆ. ಓಲೆ ಸುಳ್ಳು ಹೇಳುವುದಿಲ್ಲ ಅನ್ನುವುದು ನನ್ನ ಮಾತು, ಅದನ್ನೇ ಊರಿನವರೂ ಹೇಳುತ್ತಿದ್ದರು. ಆ ಜಂಬ ಹೇಗೆ ಇಳಿಯಿತು ಅಂತ ಈಗ ಹೇಳುತ್ತೇನೆ, ಕೇಳಿ.

ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮರುಳಯ್ಯ, ಅವನ ಹೆಂಡತಿ ನೀಲಾಂಬಿಕೆ. ಅವಳನ್ನು ಎಲ್ಲರೂ ನೀಲ ಅಂತಲೇ ಕರೆಯುವುದು. ಮದುವೆಯಾಗಿ ಆರು ವರ್ಷ. ಅವನು ಅಡಿಯಿಂದ ಮುಡಿಯವರೆಗೆ ಹಿಟ್ಟು ಮೆತ್ತಿಕೊಂಡು ದಿನವಿಡೀ ಗಿರಣಿಯ ಗದ್ದಲದಲ್ಲಿ ಕೂಗಿ ಮಾತಾಡುವ ಆಳು. ಅವಳದು ಸಣ್ಣ ದನಿ, ಪಕ್ಕದಲ್ಲಿ ಕೂತರೂ ಕಿವಿಗೊಟ್ಟು ಕೇಳಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರಿಬ್ಬರ ನಡುವೆ ಜಗಳ ಅನ್ನುವುದೇ ಇರಲಿಲ್ಲ, ಇದ್ದದ್ದು ಉಣ್ಣುವುದರದ್ದೇ ತಾಪತ್ರಯ. ಮರುಳಯ್ಯ ಊಟಕ್ಕೆ ಕೂತು ಬಾಯಿ ಆಡಿಸಿದರೆ ನೀಲ ತಡೆದುಕೊಳ್ಳಲಾರಳು. ಅವನೇನು ಚಪ್ಪರಿಸಿ ತಿನ್ನುವವನಲ್ಲ, ನೀವು ನಾವು ತಿನ್ನುವ ಹಾಗೆಯೇ. ಹುರಿಗಡಲೆ ಕಡಿದರೆ, ಸೌತೆಕಾಯಿ ಅಗಿದರೆ, ಚಹಾ ಹೀರಿದರೆ ಅವಳ ಮುಖ ಬಿಳುಚಿಕೊಳ್ಳುತ್ತಿತ್ತು, ಕೈ ಮುಷ್ಟಿ ಕಟ್ಟುತ್ತಿತ್ತು.

ಮೊದಲು ನನ್ನ ಹತ್ತಿರ ಬಂದು ಹೇಳಿಕೊಂಡವಳು ಅವಳೇ. "ಎದೆ ಒಳಗೆ ಬೆಂಕಿ ಬಿದ್ದಂಗಾಗುತ್ತೆ ಅತ್ತೆ, ತಟ್ಟೆ ಎತ್ತಿ ಎಸೀಬೇಕು ಅನ್ಸುತ್ತೆ. ಅವರು ಕೈ ತೊಳ್ಕೊಂಡು ಬಂದ್ಮೇಲೆ ನನ್ ಮೇಲೆ ನಂಗೇ ಅಸಹ್ಯ" ಅಂದಳು. ಚಿಕ್ಕಂದಿನಲ್ಲಿ ಅಪ್ಪ ಕಾಫಿ ಕುಡಿಯುವಾಗಲೂ ಹೀಗೇ ಆಗುತ್ತಿತ್ತಂತೆ. ಅಪ್ಪನನ್ನು ಕಂಡರೆ ಅವಳಿಗೆ ಪ್ರಾಣ. ನನಗೆ ಹೊಳೆದ ಬುದ್ಧಿ ಏನೆಂದರೆ, ಮುದ್ದೆ ಅಗಿಯುವ ಪದಾರ್ಥ ಅಲ್ಲ, ನುಂಗುವುದು, ಎರಡು ಹೊತ್ತೂ ಮುದ್ದೆಯನ್ನೇ ಮಾಡು ಅಂದೆ. ಪಾಪ, ನಲವತ್ತು ದಿನ ಬರೀ ಮುದ್ದೆ ತಿಂದರು. ಆಮೇಲೆ ಆ ನುಂಗುವ ಗುಟುಕೇ ಅವಳಿಗೆ ಕೇಳಿಸಲು ಶುರುವಾಯಿತು. ಆಮೇಲಾಮೇಲೆ ಅವಳು ಗೋಡೆಯ ಕಡೆ ತಿರುಗಿ ಕೂತು ಉಂಡಳು. ಎರಡು ವರ್ಷ ಹಾಗೇ ಕಳೆಯಿತು. ಕೊನೆಗೆ ಮರುಳಯ್ಯನೇ ಡಬ್ಬಿ ಕಟ್ಟಿಸಿಕೊಂಡು ಗಿರಣಿಯಲ್ಲಿ ಉಣ್ಣಲು ಹತ್ತಿದ.

ಊರು ಸುಮ್ಮನಿರುತ್ತದೆಯೇ? ಹಿರಿಯರು ಓಲೆ ನೋಡಬೇಕೆಂದರು. ಅರಳಿಕಟ್ಟೆಯ ಮೇಲೆ ಎಲ್ಲರೆದುರಿಗೆ ನೀಲಳ ಓಲೆ ಬಿಚ್ಚಿ ನಾನು ಹಾಕಿಕೊಂಡೆ. ಮರುಳಯ್ಯನಿಗೆ ಒಂದು ಹಿಡಿ ಹುರಿಗಡಲೆ ಕೊಟ್ಟು ತಿನ್ನು ಅಂದರು. ತಿಂದ. ನನಗೆ ಕೇಳಿಸಿದ್ದು ಹುರಿಗಡಲೆ ತಿನ್ನುವ ಸದ್ದು, ಅಷ್ಟೇ. ಅವಳ ಕಿವಿ ಬೆಳಗಿದ ತಾಮ್ರದ ಚೊಂಬಿನ ಹಾಗೆ ಸ್ವಚ್ಛವಾಗಿತ್ತು, ನನ್ನ ಕಿವಿಗಿಂತ ಹತ್ತು ಪಾಲು ಚೆಂದ. ಕಟ್ಟೆಗೆ ಬಂದ ವ್ಯಾಜ್ಯವಾದರೆ ನನ್ನ ಜೊತೆಗೆ ಹತ್ತಿರದವರೊಬ್ಬರೂ ಕೇಳಬೇಕು ಅನ್ನುವ ಪದ್ಧತಿ ಇದೆ, ಹಾಗಾಗಿ ಓಲೆಯನ್ನು ಮರುಳಯ್ಯನಿಗೂ ಹಾಕಿಸಿದೆವು. ಅಷ್ಟು ಹೊತ್ತಿಗೆ ಹಿರಿಯರೊಬ್ಬರು ನೀಲಳನ್ನು ಏನಮ್ಮ ನಿನ್ನ ಮಾತು ಅಂತ ಕೇಳಿದರು. ಅವಳು ತಲೆ ತಗ್ಗಿಸಿ, ಇವರ ಜೊತೆ ಕೂತು ಉಣ್ಣೋಕೆ ನನ್ ಕೈಲಿ ಆಗಲ್ಲ ಅಂದಳು. ಮರುಳಯ್ಯನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಇಡೀ ಊರೇ ನೋಡಿತು. ನಾನು ನನ್ನ ತೀರ್ಪು ಹೇಳಿದೆ: ಕಿವಿಯಲ್ಲಿ ಏನೂ ದೋಷವಿಲ್ಲ. ಕಿವಿ ಸರಿಯಿದ್ದರೆ ಇನ್ನೇನು ಸರಿಯಿಲ್ಲ ಅನ್ನುವುದನ್ನು ಜನ ತಾವೇ ಹೇಳಿಕೊಂಡರು. ಅವಳಿಗೆ ಗಂಡ ಬೇಡವಾಗಿದ್ದಾನೆ, ಸುಳ್ಳು ನೆಪ ಹೂಡಿದ್ದಾಳೆ ಅಂತ. ಯುಗಾದಿಗೆ ಮುಂಚಿನ ಸೋಮವಾರ ಅವಳ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋಗುವುದು ಅಂತ ಮಾತಾಯಿತು. ವಾಪಸು ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಅದೇ ತಿಂಗಳಲ್ಲಿ ನಮ್ಮ ಮನೆಯ ಮೇಲಿನ ಕೋಣೆಗೆ ಮೇದಿನಿ ಅನ್ನುವವಳು ಬಾಡಿಗೆಗೆ ಬಂದಳು. ವಿಶ್ವವಿದ್ಯಾಲಯದವಳು, ಮೂವತ್ತೈದರ ಹೆಂಗಸು, ಕನ್ನಡಕ, ಗಟ್ಟಿ ನಗು. ಸದ್ದು ತಡೆಯಲಾಗದವರ ಬಗ್ಗೆ ಸಂಶೋಧನೆ ಮಾಡುವುದು ಅವಳ ಕೆಲಸ. ನಮ್ಮೂರ ಓಲೆಯ ಸುದ್ದಿ ಕೇಳಿ ಬಂದಿದ್ದಳು. ಅವಳ ಕಂಪ್ಯೂಟರಿನಲ್ಲಿ ಒಂದು ಕಿವಿ ಇತ್ತು. ಚಿತ್ರವಲ್ಲ, ಲೆಕ್ಕದಲ್ಲಿ ಕಟ್ಟಿದ ಕಿವಿ. ಅದರೊಳಕ್ಕೆ ಒಂದು ಸದ್ದು ಬಿಟ್ಟರೆ ಕಿವಿಯ ತಮಟೆ ಎಷ್ಟು ಅದುರುತ್ತದೆ, ಒಳಗೆ ಶಂಖದ ಹಾಗೆ ಸುತ್ತಿರುವ ಸುರುಳಿಯಲ್ಲಿ ಯಾವ ಸ್ವರ ಎಲ್ಲಿ ತಗಲುತ್ತದೆ, ಅಲ್ಲಿಂದ ನರಗಳು ಏನನ್ನು ಹೊತ್ತು ಮಿದುಳಿಗೆ ಹೋಗುತ್ತವೆ, ಎಲ್ಲವನ್ನೂ ಗೆರೆ ಎಳೆದು ತೋರಿಸುತ್ತಿತ್ತು. ಕಿವಿ ಇರುವ ಮನುಷ್ಯರು ಇಷ್ಟು ಜನ ಇರುವಾಗ ಪೆಟ್ಟಿಗೆಯೊಳಗೆ ಇನ್ನೊಂದು ಯಾಕಮ್ಮ ಅಂತ ನಾನು ಗೇಲಿ ಮಾಡಿದೆ. ಮನುಷ್ಯರ ಕಿವಿಯನ್ನು ಬಿಚ್ಚಿ, ಒಂದು ಭಾಗ ತೆಗೆದು, ಇನ್ನೊಂದು ಹಾಕಿ ನೋಡಲಾಗುವುದಿಲ್ಲವಲ್ಲ, ಇದರಲ್ಲಿ ಆಗುತ್ತದೆ ಅಂದಳು. ನನ್ನ ಅಪ್ಪಣೆ ಕೇಳಿ ನನ್ನ ಓಲೆ ಹಾಕಿಕೊಂಡು, ತನಗೆ ಏನು ಕೇಳಿಸುತ್ತದೆ, ತನ್ನ ಪೆಟ್ಟಿಗೆಯ ಲೆಕ್ಕ ಏನು ಹೇಳುತ್ತದೆ ಅಂತ ಹೋಲಿಸಿ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಗ ನನಗೂ ಆ ಪೆಟ್ಟಿಗೆಯ ಮೇಲೆ ಸ್ವಲ್ಪ ಗೌರವ ಬಂತು.

ನೀಲಳ ಸಂಗತಿಯನ್ನು ಅವಳಿಗೆ ಹೇಳಿದ್ದು ನಾನೇ, ನನ್ನ ತೀರ್ಪಿನ ಹೆಚ್ಚುಗಾರಿಕೆ ಕೊಚ್ಚಿಕೊಳ್ಳುವುದಕ್ಕೆ. ಅವಳು ನಗಲಿಲ್ಲ. ಮರುದಿನವೇ ನೀಲಳನ್ನು ಕರೆಸಿದಳು. ಹನ್ನೆರಡು ದಿನ ನೀಲ ಮಧ್ಯಾಹ್ನಗಳಲ್ಲಿ ಮೇಲಿನ ಕೋಣೆಗೆ ಬಂದು ಕೂತಳು. ನಲ್ಲಿ ತೊಟ್ಟಿಕ್ಕುವುದು, ಬಸ್ಸಿನ ಹಾರ್ನು, ಕಾಗದ ಹರಿಯುವುದು, ಯಾರೋ ಅಪರಿಚಿತರು ಸೇಬು ತಿನ್ನುವುದು, ಹೀಗೆ ಮೇದಿನಿ ಒಂದೊಂದೇ ಸದ್ದು ಕೇಳಿಸಿ, ಎಷ್ಟು ಸಂಕಟವಾಗುತ್ತದೋ ಅಷ್ಟು ಈ ಗುಂಡಿ ತಿರುಗಿಸು ಅನ್ನುತ್ತಿದ್ದಳು. ಮರುಳಯ್ಯನ ಸದ್ದೂ ಬೇಕಲ್ಲ, ಮೇದಿನಿ ಗಿರಣಿಗೆ ಹೋಗಿ ಕೇಳಿದಳು. ಅವನು ಗಿರಣಿ ನಿಲ್ಲಿಸಿ, ಮೈಕಿನ ಮುಂದೆ ನಾಚಿಕೊಂಡು, ಪೂಜೆಗೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದು ಬಟ್ಟಲು ಹುರಿಗಡಲೆ ತಿಂದನಂತೆ. ಇದರಿಂದ ಅವಳಿಗೆ ಒಳ್ಳೆಯದಾಗುತ್ತಾ ಅಂತ ಒಂದೇ ಮಾತು ಕೇಳಿದನಂತೆ.

ಹದಿಮೂರನೆಯ ದಿನ ಮೇದಿನಿ ನನ್ನನ್ನೂ ನೀಲಳನ್ನೂ ಕೂರಿಸಿಕೊಂಡು ಪರದೆ ತೋರಿಸಿದಳು. ನೀಲಳ ಕಿವಿಯ ಮಟ್ಟಿಗೆ ನೀವು ಹೇಳಿದ್ದು ಅಕ್ಷರಶಃ ಸರಿ ಅಂದಳು. ನಾನು ಸೆರಗು ಸರಿಮಾಡಿಕೊಂಡೆ. ಆದರೆ ಆ ಕಿವಿಯ ಹಿಂದೆ, ಸದ್ದು ನರಗಳನ್ನು ಹತ್ತಿ ಮಿದುಳಿಗೆ ಹೋಗುವ ದಾರಿಯಲ್ಲಿ, ಒಂದು ಕಡೆ ಅದನ್ನು ಏರಿಸಿ ಇಳಿಸುವ ಜಾಗವಿದೆ. ಅಲ್ಲಿ ಬಾಯಿಯ ಸದ್ದಿಗೆ ಮಾತ್ರ ಮಟ್ಟವನ್ನು ಆರೇಳು ಪಟ್ಟು ಏರಿಸದೆ ಇದ್ದರೆ ನೀಲ ತಿರುಗಿಸಿದ ಗುಂಡಿಗೂ ಲೆಕ್ಕಕ್ಕೂ ತಾಳೆಯೇ ಆಗುವುದಿಲ್ಲ. ಅಪರಿಚಿತರದಕ್ಕೆ ಆ ಏರಿಕೆ ಅರ್ಧ, ಗಂಡನದಕ್ಕೆ ಪೂರ್ತಿ ಅಂದಳು.

"ನೋಡಿ ದೇವೀರಮ್ಮ, ಓಲೆ ನಿಮ್ಮನ್ನ ಬಾಗಿಲ ತನಕ ಕರ್ಕೊಂಡು ಹೋಯ್ತು. ಮನೆ ಒಳಗೆ ಏನಾಗ್ತಿದೆ ಅಂತ ಅದು ತೋರ್ಸಲ್ಲ. ಈ ತೊಂದ್ರೆ ಇರೋರಲ್ಲಿ ನಾನು ನೋಡಿದ ಮಟ್ಟಿಗೆ, ಹತ್ತಿರದವರ ಸದ್ದೇ ಹೆಚ್ಚು ಚುಚ್ಚೋದು. ಇದು ದ್ವೇಷ ಅಲ್ಲ, ಸುಳ್ಳೂ ಅಲ್ಲ."

ನೀಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ದಿನ ತಾನೇ ಕೆಟ್ಟವಳು ಅಂದುಕೊಂಡಿದ್ದಳಲ್ಲ, ಆ ಅಳು ಅದು. ನನಗೆ ಎಲ್ಲಿ ನೋಡುವುದಕ್ಕೂ ಮುಖವಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಎಷ್ಟು ಜನರನ್ನು ಹೀಗೆ ಬಾಗಿಲಲ್ಲೇ ನೋಡಿ ಸುಳ್ಳರು ಅನ್ನಿಸಿಬಿಟ್ಟೆನೋ ಅಂತ ಬೆರಳು ಮಡಿಚಿ ಎಣಿಸತೊಡಗಿದೆ. ಅವತ್ತೇ ಹೋಗಿ ಹಿರಿಯರ ಮುಂದೆ ಕೈಮುಗಿದು, ನನ್ನ ತೀರ್ಪು ತಪ್ಪು ಅಂದೆ. ಅವರು ನನ್ನನ್ನು ಕೂರಿಸಿ ನೀರು ಕೊಟ್ಟು ಸಮಾಧಾನ ಮಾಡಿದರೇ ಹೊರತು ಮಾತು ಬದಲಿಸಲಿಲ್ಲ. ಕಾರಣ ಯಾವುದಾದರೇನು, ಜೊತೆಯಲ್ಲಿ ಕೂತು ನಾಲ್ಕು ತುತ್ತು ಉಣ್ಣಲಾಗದವರು ಸಂಸಾರ ಹೇಗೆ ಮಾಡುತ್ತಾರೆ ಅಂದರು. ನೀಲ ಕೂಡ ಅದನ್ನೇ ಹೇಳಿದಳು. ಕಾರಣ ಗೊತ್ತಾದ ಮಾತ್ರಕ್ಕೆ ಸದ್ದು ಕಮ್ಮಿಯಾಗಲಿಲ್ಲ ಅತ್ತೆ, ಅವರು ಎಷ್ಟು ವರ್ಷ ಗಿರಣಿಯಲ್ಲಿ ತಣ್ಣಗಿನ ಡಬ್ಬಿ ಉಣ್ಣಬೇಕು, ನಾನು ಹೋದರೆ ಅವರಾದರೂ ಮನೆಯಲ್ಲಿ ಬಿಸಿಯನ್ನ ಉಣ್ಣುತ್ತಾರೆ ಅಂದಳು. ಸೋಮವಾರಕ್ಕೆ ಐದೇ ದಿನ ಉಳಿದಿತ್ತು.

ಮೇದಿನಿಗೂ ಊಟ ಸೇರಲಿಲ್ಲ. ಕಿವಿಯ ಹಿಂದಿನದನ್ನು ಇಳಿಸುವ ಮದ್ದು ತನ್ನ ಹತ್ತಿರ ಇಲ್ಲ, ಅಭ್ಯಾಸ ಮಾಡಿಸಿದರೆ ನಿಧಾನವಾಗಿ ಇಳಿಯಬಹುದು, ಅದು ಐದು ದಿನದ ಮಾತಲ್ಲ ಅಂದಳು. ಹಾಗೆ ಹೇಳುತ್ತಲೇ ಪೆಟ್ಟಿಗೆಯಲ್ಲಿ ಏನೋ ಬದಲಿಸುತ್ತಿದ್ದಳು. ಹಿಂದಿನದು ನೀಲಳದ್ದೇ ಇರಲಿ, ಮುಂದಿನ ಕಿವಿ ಬೇರೆಯವರದ್ದು ಜೋಡಿಸಿದರೆ, ಅವಳು ಬೇರೆಯವರ ಓಲೆ ಹಾಕಿಕೊಂಡ ಹಾಗೆ? ನನ್ನ ಮುದಿಗಿವಿ ಜೋಡಿಸಿದಳು. ನೀಲಳ ಸಂಕಟದ ಗೆರೆ ಸ್ವಲ್ಪ ಇಳಿಯಿತು, ಸಾಲದು. ತನ್ನದು ಜೋಡಿಸಿದಳು. ಇಳಿಯಲೇ ಇಲ್ಲ. ಗಿರಣಿಯ ಸದ್ದಿನಲ್ಲಿ ಹದಿನೈದು ವರ್ಷ ಕೆಲಸ ಮಾಡಿದವರ ಕಿವಿ ಒಂದು ಸಿಕ್ಕಿದ್ದರೆ ಅಂತ ತನಗೆ ತಾನೇ ಅಂದುಕೊಂಡಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಗಿರಣಿಯಲ್ಲಿ ಯಾರೋ ರಾಗಿ ಹಾಕಿಸುತ್ತಿದ್ದರು. ಮರುಳಯ್ಯ ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ಕೂಗಿ ಹೇಳಿದೆ, ನಿನ್ನ ಓಲೆ ಒಂದು ಗಂಟೆ ಹೊತ್ತಿಗೆ ಬೇಕು ಅಂತ. ಅವನು ಕೈಯಾಡಿಸಿ, ಆಗಲ್ಲ ಅಂದ. ಯಾಕೋ ಅಂದರೆ ರಾಗಿಯ ಕಡೆ ತಿರುಗಿಕೊಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವನಲ್ಲ ಅವನು, ಯಾವತ್ತೂ ಇಲ್ಲ ಅಂದವನೇ ಅಲ್ಲ. ರಾಗಿಯವರು ಹೋದ ಮೇಲೆ ಅವನು ಯಂತ್ರ ನಿಲ್ಲಿಸಿ ನನ್ನೆದುರು ಕೂತ. ನಾನು ಅವನ ಹಿಟ್ಟಿನ ಕೈ ಹಿಡಿದುಕೊಂಡೆ. ಕಟ್ಟೆಯ ಮೇಲೆ ನಾನು ಹೇಳಿದ್ದು ತಪ್ಪು ಕಣಪ್ಪ, ನಿನ್ನ ಹೆಂಡತಿ ಸುಳ್ಳು ಹೇಳಿಲ್ಲ, ನೀನು ಅವಳಿಗೆ ಬೇಡವಾಗಿಲ್ಲ, ಹತ್ತಿರದವನು ಅಂತಲೇ ಅದು ಅಷ್ಟು ಚುಚ್ಚುವುದಂತೆ ಅಂದೆ. ಅವನು ಇನ್ನೊಂದು ಸಲ ಹೇಳಿ ಅಂದ. ಹೇಳಿದೆ. ಆಮೇಲೆ ಎರಡೂ ಓಲೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ.

"ಇದ್ರಲ್ಲಿ ಏನು ಕೇಳ್ಸುತ್ತೋ ಅದನ್ನ ಆ ಮೇಡಂಗೆ ಬೇಕಾದ್ರೆ ಹೇಳಿ ಅತ್ತೆ, ಕೆಲ್ಸ ಆಗೋ ಹಂಗಿದ್ರೆ. ನೀಲಂಗೆ ಮಾತ್ರ ಬೇಡ."

ಕೋಣೆಗೆ ಬಂದು ಹಾಕಿಕೊಂಡೆ. ಅಯ್ಯೋ ಶಿವನೇ, ಏನು ಹೇಳಲಿ. ತಲೆಗೆ ಎರಡು ಕಂಬಳಿ ಸುತ್ತಿದ ಹಾಗೆ. ಮೇದಿನಿಯ ಬಾಯಿ ಆಡುತ್ತಿತ್ತು, ಮಾತು ಬಿಡಿಬಿಡಿಯಾಗಿ, ಮೂಗುಮೂಗಾಗಿ ಬರುತ್ತಿತ್ತು. ಹಕ್ಕಿಗಳು ಅನ್ನುವವು ಲೋಕದಲ್ಲೇ ಇರಲಿಲ್ಲ. ಗಿರಣಿಯಲ್ಲಿ ಎಲ್ಲರೂ ಕೂಗಿ ಮಾತಾಡುವುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ. ಮೇದಿನಿ ಸಣ್ಣ ದೊಡ್ಡ ಸ್ವರಗಳನ್ನು ಕೇಳಿಸಿ ನಾನು ಹೇಳಿದ್ದನ್ನು ಗುರುತು ಹಾಕಿಕೊಂಡಳು, ಲೆಕ್ಕದ ಕಿವಿಯನ್ನು ಮರುಳಯ್ಯನದ್ದಾಗಿ ಮಾಡಿದಳು, ಅದರ ಹಿಂದೆ ನೀಲಳದ್ದನ್ನು ಜೋಡಿಸಿ ಹುರಿಗಡಲೆಯ ಸದ್ದು ಬಿಟ್ಟಳು. ಗೆರೆ ಏಳಲಿಲ್ಲ, ನೆಲ ಹಿಡಿದು ಮಲಗಿತು. ಅಗಿಯುವ ಸದ್ದಿನಲ್ಲಿ ಯಾವ ಚೂಪು ನೀಲಳನ್ನು ಚುಚ್ಚುತ್ತಿತ್ತೋ ಆ ಚೂಪು ಮರುಳಯ್ಯನ ಕಿವಿಯನ್ನು ದಾಟುವುದೇ ಇಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನೀಲಳಿಗೆ ಅವನ ಓಲೆ ಹಾಕಿಸಿದರೆ ಅವನು ಬೇಡವೆಂದ ಗುಟ್ಟು ತಾನಾಗಿಯೇ ಒಡೆಯುತ್ತದೆ. ಹಾಗಾಗಿ ಮತ್ತೆ ಮರುಳಯ್ಯನ ಹತ್ತಿರ ಹೋಗಿ ವಿಷಯ ಇದ್ದ ಹಾಗೆ ಬಿಡಿಸಿ ಹೇಳಿದೆ. ಇಡೀ ಶನಿವಾರ ಯೋಚನೆ ಮಾಡಿದ. ಸಂಜೆ ನಮ್ಮ ಜಗಲಿಗೆ ಬಂದು, ಅವಳು ಹೋಗೋದಕ್ಕಿಂತ ಇದು ವಾಸಿ ಅಂದ.

ಭಾನುವಾರ ಗಿರಣಿಗೆ ರಜ. ಮಧ್ಯಾಹ್ನ ಅವರ ಮನೆಯ ನಡುಮನೆಯಲ್ಲಿ ಎರಡು ತಟ್ಟೆ ಎದುರುಬದುರು ಹಾಕಿ, ನಾನೂ ಮೇದಿನಿಯೂ ಗೋಡೆಗೆ ಒರಗಿ ಕೂತೆವು. ನೀಲಳ ಓಲೆ ಬಿಚ್ಚಿ ಮರುಳಯ್ಯನ ಓಲೆಯನ್ನು ನಾನೇ ಹಾಕಿದೆ. ಅವಳ ಕಿವಿ ತಣ್ಣಗಿತ್ತು. ಮರುಳಯ್ಯ ಸೌತೆಕಾಯಿಯ ಒಂದು ಹೋಳು ಬಾಯಿಗಿಟ್ಟು ಕಡಿದ. ನೀಲ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಅವನು ಅಗಿದ, ನುಂಗಿದ, ಇನ್ನೊಂದು ಹೋಳು ತಗೊಂಡ. ಅವಳು ಒಂದು ಕಣ್ಣು ತೆರೆದು ನೋಡಿದಳು, ಆಮೇಲೆ ಇನ್ನೊಂದು. ಮುಷ್ಟಿ ಸಡಿಲವಾಯಿತು. ಅನ್ನ ಕಲಸಿದಳು. ಎರಡು ವರ್ಷಕ್ಕೂ ಹೆಚ್ಚಾದ ಮೇಲೆ ಆ ಇಬ್ಬರೂ ಎದುರುಬದುರು ಕೂತು ನಾಲ್ಕು ತುತ್ತು ಉಂಡರು, ನಾನು ಕಣ್ಣಾರೆ ಕಂಡೆ. ಮೇದಿನಿ ಕನ್ನಡಕ ತೆಗೆದು ಒರೆಸಿಕೊಂಡಳು.

ಆಗ ನೀಲ, ಇನ್ನೊಂದಿಷ್ಟು ಸಾರು ಹಾಕಲಾ ಅಂತ ಅವನನ್ನು ಕೇಳಿದಳು. ಕೇಳಿದವಳು ಅಲ್ಲೇ ತಡೆದಳು. ತನ್ನ ದನಿ ತನಗೇ ಕೇಳಿಸಿರಲಿಲ್ಲ. ಇನ್ನೊಂದು ಸಲ ಹೇಳಿ ನೋಡಿದಳು. ಮುಖದ ಬಣ್ಣವೇ ಬದಲಾಯಿತು.

"ಇಷ್ಟೇನಾ ನಾನು ನಿಮಗೆ ಕೇಳ್ಸೋದು? ಇಷ್ಟು ದಿನ ನಾನು ಹೇಳಿದ್ದು ಒಂದೂ ಕೇಳ್ಸಿಲ್ವಾ?"

ಮರುಳಯ್ಯ ತಟ್ಟೆಯ ಅಂಚು ಸವರುತ್ತ ಹೇಳಿದ. "ಮುಖ ನೋಡಿದ್ರೆ ತಿಳೀತಿತ್ತು. ನೀನು ಗೋಡೆ ಕಡೆ ತಿರುಗ್ದ ಮೇಲೆ ಏನೂ ತಿಳೀಲಿಲ್ಲ. ಹೇಳಿದ್ರೆ ನೀನು ಮಾತಾಡೋದೇ ಬಿಟ್ಟುಬಿಡ್ತೀಯ ಅಂತ ಭಯ ಆಯ್ತು. ಅವತ್ತು ಕಟ್ಟೆ ಮೇಲೆ ನಿನ್ನ ಓಲೆ ಹಾಕಿದ್ರಲ್ಲ, ಅವತ್ತೇ ನಿನ್ ದನಿ ಪೂರ್ತಿ ಕೇಳಿದ್ದು ನಾನು. ಎಷ್ಟು ಚೆಂದ ಇದೆ ಅಂದ್ಕೊಂಡೆ. ಕೇಳಿದ ಮಾತು ಮಾತ್ರ ಇವರ ಜೊತೆ ಉಣ್ಣೋಕಾಗಲ್ಲ ಅನ್ನೋದು."

ಕಟ್ಟೆಯ ಮೇಲೆ ಆ ಕಣ್ಣೀರನ್ನು ನೋಡಿ ನಾವೆಲ್ಲ ಏನೇನು ಅಂದುಕೊಂಡೆವೋ ಅದೆಲ್ಲ ನೆನಪಾಗಿ ನಾನು ತಲೆ ತಗ್ಗಿಸಿದೆ. ನೀಲ ಎಂಜಲು ಕೈಯನ್ನು ಹಾಗೇ ಇಟ್ಟುಕೊಂಡು, ಎಡಗೈ ಚಾಚಿ ನನ್ನ ಮಡಿಲಲ್ಲಿದ್ದ ತನ್ನ ಓಲೆ ತಗೊಂಡಳು. ಒಂದು ಕೈಯಲ್ಲಿ ಆಗಲಿಲ್ಲ. ಎದ್ದು ಕೈ ತೊಳೆದು ಬಂದು, ಗಂಡನ ಹಿಂದೆ ಮಂಡಿಯೂರಿ ಕೂತು, ಅವನ ಒಂದೊಂದೇ ಕಿವಿಗೆ ತನ್ನ ಓಲೆ ಸಿಕ್ಕಿಸಿ ತಿರುಪು ಬಿಗಿದಳು. ಆಮೇಲೆ ನನ್ನ ಕಡೆ ತಿರುಗಿ, ಅಣ್ಣಂಗೆ ಬರಬೇಡ ಅಂತ ಹೇಳಿಕಳ್ಸಿ ಅತ್ತೆ ಅಂದಳು. ಮೇದಿನಿ ನಡುವೆ ಬಾಯಿ ಹಾಕಿ, ಇದು ವಾಸಿಯಾದಂತೆ ಅಲ್ಲ, ಕೆಲವು ದಿನ ಇದರಲ್ಲೂ ಆಗದೇ ಇರಬಹುದು, ಅಭ್ಯಾಸಕ್ಕೆ ದಿನಾ ಬರಬೇಕು ಅಂತ ಏನೇನೋ ಹೇಳಿದಳು. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು. ಕೇಳಿಸಿಕೊಂಡರೋ ಇಲ್ಲವೋ ನನಗೆ ಅನುಮಾನ.

ನೀಲ ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮರುಳಯ್ಯ ತಟ್ಟೆ ನೋಡುತ್ತ, ಅನ್ನಕ್ಕೆ ಸಾರು ಕಲಸುತ್ತ ಕೂತಿದ್ದ. ಗೋಡೆಯ ಆಚೆಯಿಂದ ಅವಳ ಆ ಸಣ್ಣ ದನಿ ಬಂತು.

"ಉಪ್ಪು ಸರಿಯಾಗಿದ್ಯಾ?"

ಮರುಳಯ್ಯ ತಲೆ ಎತ್ತಲಿಲ್ಲ. ಕಲಸುವುದನ್ನೂ ನಿಲ್ಲಿಸಲಿಲ್ಲ.

"ಒಂಚೂರು ಕಮ್ಮಿ" ಅಂದ.